ಬೊಗಸೆ ಕುಸುಬಿ

ಕೆಲವು ಪದಗಳ ಅರ್ಥವನ್ನು ಹೇಳುವುದು ಸುಲಭ, ಅವುಗಳ ಬಾಳುವೆಯನ್ನು ಹೇಳುವುದು ಕಷ್ಟ. ‘ಅಕ್ಕಡಿ’ ಎಂಬ ಪದ ಅಂಥದು. ಮುಖ್ಯ ಬೆಳೆಯ ಸಾಲುಗಳ ನಡುವೆ ಬಿತ್ತುವ ಬೇರೊಂದು ಬೆಳೆ ಎಂದರೆ ಅರ್ಥ ಮುಗಿಯಿತು. ಆದರೆ ಆ ಸಾಲನ್ನು ಬಿತ್ತುತ್ತಿದ್ದವರು ಯಾರು, ಅದರಿಂದ ಬಂದ ಕಾಳು ಯಾರ ಕೈ ಸೇರುತ್ತಿತ್ತು, ಆ ಸಾಲು ಹೊಲದಿಂದ ಮರೆಯಾದ ಮೇಲೆ ಮನೆಯ ತಾಟಿನಲ್ಲಿ ಏನೇನು ಮರೆಯಾಯಿತು ಎಂದು ಕೇಳತೊಡಗಿದರೆ ಮಾತು ಹೊಲದಿಂದ ಅಡುಗೆಮನೆಗೂ ಅಲ್ಲಿಂದ ಹಿತ್ತಲಿಗೂ ಹರಿಯುತ್ತದೆ.

ವಿಜಯಪುರ, ಬಾಗಲಕೋಟೆ, ಗದಗ, ಧಾರವಾಡ, ಕಲಬುರಗಿ ಜಿಲ್ಲೆಗಳ ಎರೆಭೂಮಿ ಹಿಂಗಾರಿಯ ನೆಲ. ಮುಂಗಾರಿನ ಮಳೆಯನ್ನು ಕುಡಿದು ಒಡಲಲ್ಲಿ ಇಟ್ಟುಕೊಂಡ ಆ ಕಪ್ಪು ಮಣ್ಣಿಗೆ ಉತ್ತರಿ, ಹಸ್ತ ಮಳೆಗಳ ಹದ ನೋಡಿ ಬಿಳಿಜೋಳವನ್ನು ಬಿತ್ತುತ್ತಾರೆ. ಆಮೇಲೆ ಮಳೆ ಬಾರದಿದ್ದರೂ ಬೆಳೆ ನೆಲದ ತೇವವನ್ನೇ ಉಂಡು, ಚಳಿಗಾಲದ ಇಬ್ಬನಿಯನ್ನು ಕುಡಿದು ಮಾಗುತ್ತದೆ. ಫೆಬ್ರವರಿ, ಮಾರ್ಚ್ ಹೊತ್ತಿಗೆ ತೆನೆ ಕೈಗೆ ಬರುತ್ತದೆ. ಮಹಾರಾಷ್ಟ್ರದ ಮೋಹೋಳದಲ್ಲಿ 1930ರ ದಶಕದಲ್ಲಿ ಆಯ್ದು ಬೆಳೆಸಿದ ‘ಎಂ 35-1’ ಎಂಬ ಮಾಲದಂಡಿ ಜೋಳ ಇಂದಿಗೂ ಈ ಸೀಮೆಯ ರೊಟ್ಟಿಯ ಜೋಳವಾಗಿದೆ. ತಳಿಗಳು ಬಂದು ಹೋಗುವ ಈ ಕಾಲದಲ್ಲಿ ಇದೇನೂ ಸಣ್ಣ ಸಂಗತಿಯಲ್ಲ.

ಈ ಜೋಳದ ನಡುವೆ ಇಷ್ಟು ಸಾಲಿಗೊಂದರಂತೆ ಕುಸುಬಿ, ಅಗಸಿ ಅಥವಾ ಕಡಲೆಯನ್ನು ಅಕ್ಕಡಿಯಾಗಿ ಬಿತ್ತುವ ರೂಢಿಯಿತ್ತು. ಎಷ್ಟು ಸಾಲಿಗೊಂದು ಎಂಬ ಲೆಕ್ಕ ಊರಿನಿಂದ ಊರಿಗೆ ಬೇರೆ. ಮುಂಗಾರಿಯಲ್ಲಾದರೆ ಸಜ್ಜೆಯ ಹೊಲದಲ್ಲಿ ಗುರೆಳ್ಳು, ಹೆಸರು, ಪುಂಡಿ. ಪುಂಡಿಯ ಎಲೆ ಪಲ್ಯಕ್ಕೆ, ನಾರು ಹಗ್ಗಕ್ಕೆ. ಇದರಲ್ಲಿ ಅಂದಚಂದದ ಮಾತಿರಲಿಲ್ಲ, ಲೆಕ್ಕಾಚಾರವಿತ್ತು. ಜೋಳದ ಬೇರು ಜೊಂಪೆಯಾಗಿ ಹರಡಿಕೊಳ್ಳುವಂಥದು. ಕುಸುಬಿಯ ತಾಯಿಬೇರು ನೇರವಾಗಿ ಆಳಕ್ಕಿಳಿದು ಜೋಳಕ್ಕೆ ಎಟುಕದ ತೇವವನ್ನು ಹುಡುಕುತ್ತದೆ. ಜೋಳ ಕೈಕೊಟ್ಟ ವರ್ಷವೂ ಕುಸುಬಿ ಅಷ್ಟಿಷ್ಟು ಕೊಡುತ್ತಿತ್ತು. ಹೊಲದ ಅಂಚಿಗೆ ಹಾಕಿದರೆ ಅದರ ಮುಳ್ಳಿಗೆ ಹೆದರಿ ದನಗಳು ಒಳಗೆ ಬಾಯಿ ಹಾಕುತ್ತಿರಲಿಲ್ಲ.

ಇಷ್ಟನ್ನು ಕೃಷಿಯ ಪುಸ್ತಕಗಳೂ ಹೇಳುತ್ತವೆ. ಅವು ಸಾಮಾನ್ಯವಾಗಿ ಹೇಳದೆ ಬಿಡುವ ಸಂಗತಿ ಬೇರೊಂದಿದೆ. ಎತ್ತಿನ ಕೂರಿಗೆಯಲ್ಲಿ ಜೋಳ ಬಿತ್ತುವಾಗ ಕೂರಿಗೆಯ ಹಿಂದೆ ಹಗ್ಗದಿಂದ ಒಂದು ಬಿದಿರಿನ ಕೊಳವೆಯನ್ನು ಕಟ್ಟುತ್ತಿದ್ದರು. ಅದಕ್ಕೆ ಸಡ್ಡೆ ಎಂದು ಹೆಸರು. ಮಡಿಲಲ್ಲಿ ಅಕ್ಕಡಿಯ ಬೀಜ ಕಟ್ಟಿಕೊಂಡು, ಆ ಸಡ್ಡೆಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯ ಹಿಡಿಯಿಂದ ಬೀಜವನ್ನು ಬೆರಳ ಸಂದಿಯಲ್ಲಿ ಜಾರಿಸುತ್ತ ಕೂರಿಗೆಯ ಹಿಂದೆ ನಡೆಯುತ್ತಿದ್ದವಳು ಹೆಚ್ಚಾಗಿ ಮನೆಯ ಹೆಣ್ಣುಮಗಳು. ಅಕ್ಕಡಿಯಲ್ಲಿ ಯಾವ ಬೀಜ, ಎಷ್ಟು ಎಂಬುದನ್ನು ಬಹುಮಟ್ಟಿಗೆ ಅವಳೇ ನಿರ್ಧರಿಸುತ್ತಿದ್ದಳು. ಏಕೆಂದರೆ ಗುರೆಳ್ಳಿನ ಹಿಂಡಿ ಯಾವ ತಿಂಗಳಲ್ಲಿ ತೀರುತ್ತದೆ, ಅಗಸಿಯ ಹಿಂಡಿಯನ್ನು ಮನೆಯಲ್ಲಿ ಯಾರು ಉಣ್ಣುತ್ತಾರೆ, ಬೇಸಗೆಯ ಹುಗ್ಗಿಗೆ ಎಷ್ಟು ಕುಸುಬಿ ಬೇಕು ಎಂಬುದು ಅವಳಿಗೆ ಗೊತ್ತಿತ್ತು. ಜೋಳದ ಸಾಲು ಕಣಕ್ಕೆ ಮತ್ತು ಪೇಟೆಗೆ. ಅಕ್ಕಡಿಯ ಸಾಲು ಒಲೆಗೆ. ಉಣಬಡಿಸುವ ಕೈಯೇ ಬಿತ್ತುವ ಕೈಯೂ ಆಗಿದ್ದ ಏರ್ಪಾಡು ಅದು.

ಆ ಏರ್ಪಾಡಿನಲ್ಲಿ ಚಳಿಗಾಲವೆಂದರೆ ಉಣ್ಣುವ ಕಾಲ. ಕಡಲೆ ಗೇಣುದ್ದವಾದಾಗ ಅದರ ಕುಡಿ ಚಿವುಟುತ್ತಾರೆ. ಚಿವುಟಿದರೆ ಗಿಡ ಕವಲೊಡೆದು ಹೆಚ್ಚು ಕಾಯಿ ಬಿಡುತ್ತದೆ, ಚಿವುಟಿದ ಕುಡಿ ಹುಳಿಹುಳಿಯಾದ ಪಲ್ಯವಾಗುತ್ತದೆ. ಉಳಿದದ್ದನ್ನು ಒಣಗಿಸಿ ಇಟ್ಟರೆ ಸೊಪ್ಪು ಸಿಕ್ಕದ ಬೇಸಗೆಗೆ ಆಯಿತು. ಕಡಲೆಯ ಹೊಲದ ಮೇಲೆ ರಾತ್ರಿ ಬಿಳಿಯ ಬಟ್ಟೆಯನ್ನು ಹಾಸಿ, ಇಬ್ಬನಿಯೊಡನೆ ಎಲೆಯ ಹುಳಿಯನ್ನು ಹೀರಿದ ಆ ಬಟ್ಟೆಯನ್ನು ಬೆಳಗಿನಲ್ಲಿ ಹಿಂಡಿ ಶೀಸೆಯಲ್ಲಿ ತುಂಬಿಡುತ್ತಿದ್ದರು. ಹೊಟ್ಟೆನೋವಿಗೆ ಅದು ಮನೆಯ ಮದ್ದು. ಕುಸುಬಿಗೆ ಮುಳ್ಳು ಬಲಿಯುವ ಮುನ್ನ ಅದರ ಎಳೆ ಎಲೆಯೂ ಪಲ್ಯವೇ. ಯಾರೂ ಬಿತ್ತದೆ ತಾನಾಗಿ ಸಾಲುಗಳ ನಡುವೆ ಹುಟ್ಟುವ ಹಕ್ಕರಕಿಯನ್ನು ಕಿತ್ತು, ತೊಳೆದು, ಹಸಿಯಾಗಿಯೇ ರೊಟ್ಟಿಯೊಡನೆ ತಿನ್ನುತ್ತಾರೆ. ಜನವರಿಯಲ್ಲಿ ಜೋಳ ಹಾಲುಗಾಳಾದಾಗ ಸೀತನಿ. ಹೊಲದಲ್ಲೇ ಕುಳ್ಳಿನ ಕೆಂಡದಲ್ಲಿ ತೆನೆ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಊದಿ, ಬಿಸಿ ಆರುವ ಮುನ್ನ ಬಾಯಿಗೆ. ಈ ಸವಿಗೆಂದೇ ‘ಸಕ್ಕರಿ ಮುಕ್ಕರಿ’ ಎಂಬ ಜೋಳವನ್ನು ಬೇರೆಯಾಗಿ ನಾಲ್ಕು ಸಾಲು ಹಾಕುವ ರೈತರುಂಟು. ಹಿತ್ತಲಿನಲ್ಲಿ ಮುಳುಗಾಯಿ ಬದನೆ, ಅವರೆಯ ಚಪ್ಪರ, ಬಚ್ಚಲು ನೀರಿನ ಕಾಲುವೆಯ ಮಗ್ಗುಲಿಗೆ ಒಂದು ಮಡಿ ಮೆಂತ್ಯ. ಎಣ್ಣೆಗಾಯಿಗೆ ಬದನೆ ಹಿತ್ತಲಿನದು, ಒಳಗೆ ತುಂಬುವ ಗುರೆಳ್ಳಿನ ಪುಡಿ ಮುಂಗಾರಿ ಹೊಲದ್ದು, ಎಣ್ಣೆ ಹಿಂಗಾರಿಯ ಕುಸುಬಿಯದು. ಒಂದು ಪಲ್ಯದ ಬುಟ್ಟಲಿನಲ್ಲಿ ವರ್ಷದ ಎರಡೂ ಹಂಗಾಮುಗಳು ಇರುತ್ತಿದ್ದವು.

ಐಹೊಳೆಯಿಂದ ಹೆಚ್ಚು ದೂರವಿಲ್ಲದ, ಮಲಪ್ರಭೆಯ ದಂಡೆಯ ಮೇಲಿನ ಊರೊಂದರಲ್ಲಿ ಈ ಏರ್ಪಾಡನ್ನು ಕೊನೆಯವರೆಗೆ ಹಿಡಿದಿದ್ದ ತಾಯಿಯೊಬ್ಬಳಿದ್ದಾಳೆ. ಎಪ್ಪತ್ತು ದಾಟಿದ ವಯಸ್ಸು. ಅಕ್ಷರ ಬಾರದು, ಬೀಜ ಬರುತ್ತದೆ. ಮಗ ಎತ್ತು ಮಾರಿ ಬಾಡಿಗೆಯ ಟ್ರ್ಯಾಕ್ಟರಿನ ಕೂರಿಗೆಗೆ ಬದಲಾದ ವರ್ಷ ಸಡ್ಡೆ ಗೋಡೆಯ ಗೂಟಕ್ಕೆ ಹೋಯಿತು. ಟ್ರ್ಯಾಕ್ಟರಿನ ಹಿಂದೆ ಯಾವ ಹೆಣ್ಣುಮಗಳು ಓಡಿಯಾಳು? ಊರಿನಲ್ಲಿ ಅಕ್ಕಡಿ ನಿಂತದ್ದು ಹೀಗೆ. ಯಾರೂ ಅದನ್ನು ಬೇಡವೆಂದು ತೀರ್ಮಾನಿಸಲಿಲ್ಲ, ಯಂತ್ರಕ್ಕೆ ಅದರ ಜಾಗ ತಿಳಿದಿರಲಿಲ್ಲ. ಆದರೂ ಆಕೆ ಮೂಲೆಹೊಲದ ಒಂದು ಪಟ್ಟಿಯಲ್ಲಿ ವರ್ಷವರ್ಷವೂ ಕುಸುಬಿ, ಅಗಸಿ ಹಾಕಿಸಿ, ಬೀಜವನ್ನು ಬೂದಿಯೊಡನೆ ಬೆರೆಸಿ ಸೋರೆಬುರುಡೆಗಳಲ್ಲಿ ತುಂಬಿ ಅಟ್ಟದ ಮೇಲೆ ಇಡುತ್ತಿದ್ದಳು.

2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿತು. ಪಟ್ಟದಕಲ್ಲು, ಐಹೊಳೆಗಳ ಗುಡಿಯಂಗಳಗಳಿಗೂ ನೀರು ನುಗ್ಗಿದ ವರ್ಷವದು. ಆ ಮನೆಯವರು ಮಕ್ಕಳನ್ನು, ದನಗಳನ್ನು, ಹೊಲದ ಕಾಗದಗಳಿದ್ದ ಪೆಟ್ಟಿಗೆಯನ್ನು ಹೊರಗೆ ತಂದರು. ನೀರು ಇಳಿದ ಮೇಲೆ ಬಂದು ನೋಡಿದರೆ ಮಣ್ಣಿನ ಹಿಂಗೋಡೆ ಕುಸಿದು, ಅಟ್ಟ ನೆಲಕ್ಕೊರಗಿ, ಜೋಳದ ಚೀಲಗಳು ಹುಳಿತು ನಾರುತ್ತಿದ್ದವು. ಬುರುಡೆಗಳು ಒಡೆದು ಬೀಜ ರಾಡಿಯಲ್ಲಿ ಮೊಳೆತು ಅಲ್ಲಿಯೇ ಕೊಳೆತಿತ್ತು. ಪರಿಹಾರದ ಪಟ್ಟಿಯಲ್ಲಿ ಗೋಡೆ ಬರೆಸಿದರು, ಜೋಳ ಬರೆಸಿದರು. ಬುರುಡೆಗಳನ್ನು ಬರೆಸುವ ಕಾಲಮು ಇರಲಿಲ್ಲ. ಆಕೆ ಕೇಳಲೂ ಇಲ್ಲ.

ಆ ಹಿಂಗಾರಿಯಲ್ಲಿ ಮಗ ಹೊಲಕ್ಕೆಲ್ಲ ಕಡಲೆಯನ್ನೇ ಬಿತ್ತಿದ. ಇದಕ್ಕಾಗಿ ಅವನನ್ನು ದೂರುವುದು ತಪ್ಪು. 2024ರಲ್ಲಿ ಬಿತ್ತಿದ ಬೆಳೆಗೆ ಕೇಂದ್ರ ಸರ್ಕಾರ ಗೊತ್ತುಪಡಿಸಿದ ಬೆಂಬಲ ಬೆಲೆ ಮಾಲದಂಡಿ ಜೋಳದ ಕ್ವಿಂಟಾಲಿಗೆ 3,421 ರೂಪಾಯಿ, ಕಡಲೆಗೆ 5,650 ರೂಪಾಯಿ. ಜೋಳವನ್ನು ಕೀಳಬೇಕು, ತೆನೆ ಮುರಿಯಬೇಕು, ಕೂಲಿಯಾಳು ಸಿಗುವುದಿಲ್ಲ. ಇನ್ನು ಕುಸುಬಿಯ ಕೊಯ್ಲೆಂದರೆ ಮುಳ್ಳಿನ ಮಾತು. ಇಬ್ಬನಿಯಿಂದ ಮುಳ್ಳು ಮೆತ್ತಗಿರುವ ನಸುಕಿನಲ್ಲೇ, ಕೈಗೆ ಬಟ್ಟೆ ಸುತ್ತಿಕೊಂಡು ಕೊಯ್ಯಬೇಕು. ಬಿಸಿಲೇರಿತೋ ಕೆಲಸ ಬಿಡಬೇಕು. ಆ ತಾಯಿಯ ಬೆರಳುಗಳನ್ನು ನೋಡಿದವರು ಅಕ್ಕಡಿಯ ಬಗ್ಗೆ ಹಗುರವಾಗಿ ಹಾಡಿ ಹೊಗಳಲಾರರು. ಎಣ್ಣೆಯ ಕಥೆಯೂ ಹಾಗೆಯೇ. 1994ರಲ್ಲಿ ತಾಳೆಎಣ್ಣೆಯ ಆಮದು ಮುಕ್ತವಾದ ಮೇಲೆ ಅಗ್ಗದ ಎಣ್ಣೆಯ ಪೊಟ್ಟಣ ಹಳ್ಳಿಯ ಅಂಗಡಿಯವರೆಗೂ ಬಂತು. ಗಾಣಕ್ಕೆ ಕುಸುಬಿ ಒಯ್ಯುವವರು ಕಡಿಮೆಯಾದರು. 2013ರ ಜುಲೈಯಲ್ಲಿ ರಾಜ್ಯದಲ್ಲಿ ಅನ್ನಭಾಗ್ಯ ಮೊದಲಾದ ಮೇಲೆ ಎಷ್ಟೋ ಬಡವರ ಮನೆಯಲ್ಲಿ ಹಸಿವು ನೀಗಿತು. ಅದರ ಜೊತೆಗೆ ರೊಟ್ಟಿ ಬಡಿಯುವ ಸದ್ದೂ ಒಂದು ಹೊತ್ತು ಕಡಿಮೆಯಾಯಿತು. ಎರಡನ್ನೂ ಒಟ್ಟಿಗೆ ಹೇಳದಿದ್ದರೆ ಮಾತು ಅರ್ಧವಾಗುತ್ತದೆ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದಾಗ ಪಟ್ಟಣದ ಅಂಗಡಿಗಳಲ್ಲಿ ಜೋಳದ ಬಿಸ್ಕತ್ತು ಚೆನ್ನಾದ ಡಬ್ಬಿಗಳಲ್ಲಿ ಕುಳಿತಿತ್ತು. ಅದರಿಂದ ಎರೆಹೊಲದ ಸಾಲುಗಳಿಗೆ ಏನಾಯಿತೆಂಬುದು ಬೇರೆ ಪ್ರಶ್ನೆ.

2019ರ ಎಳ್ಳಮವಾಸ್ಯೆ ಡಿಸೆಂಬರ್ 26ರ ಸೂರ್ಯಗ್ರಹಣದೊಡನೆ ಕೂಡಿ ಬಂದಿತ್ತು. ಎಳ್ಳಮವಾಸ್ಯೆಯೆಂದರೆ ಈ ಸೀಮೆಯ ರೈತರು ಬೆಳೆದು ನಿಂತ ಹೊಲಕ್ಕೆ ಬುತ್ತಿ ಒಯ್ದು, ಭೂಮಿತಾಯಿಗೆ ಚರಗ ಚೆಲ್ಲಿ, ಬಂಧುಬಳಗದೊಡನೆ ಅಲ್ಲಿಯೇ ಕುಳಿತು ಉಣ್ಣುವ ದಿನ. ಶೀಗೆ ಹುಣ್ಣಿಮೆಯಲ್ಲಿ ಬಸುರಿಯ ಬಯಕೆಯೆಂದು ಉಣಿಸಿದ ಭೂಮಿಗೆ ಇದು ಎರಡನೆಯ ಊಟ. ಸಜ್ಜೆಯ ಕಡುಬು, ಎಳ್ಳು ಹಚ್ಚಿದ ರೊಟ್ಟಿ, ಶೇಂಗಾ ಹೋಳಿಗೆ, ಪುಂಡಿ ಪಲ್ಯ, ಬದನೆಯ ಎಣ್ಣೆಗಾಯಿ, ಮೊಸರು ಬುತ್ತಿ, ಹಿಂಡಿಗಳು. ನೆರೆಯಿಂದ ಎದ್ದು ಇನ್ನೂ ತಗಡಿನ ಶೆಡ್ಡಿನಲ್ಲಿದ್ದ ಆ ಸಂಸಾರವೂ ಹಬ್ಬ ಬಿಡಲಿಲ್ಲ. ಸೊಸೆ ಪೇಟೆಯಿಂದ ಗುರೆಳ್ಳಿನ ಹಿಂಡಿಯ ಪೊಟ್ಟಣ, ಅಗಸಿ ಹಿಂಡಿಯ ಪೊಟ್ಟಣ ತಂದಿದ್ದಳು. ಹೊಲದಲ್ಲಿ ಚರಗಕ್ಕೆಂದು ಬುಟ್ಟಿ ಬಿಚ್ಚಿದಾಗ ಆ ತಾಯಿ ಪೊಟ್ಟಣಗಳನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಸುಮ್ಮನಿದ್ದಳಂತೆ. ನಂತರ ಸೊಸೆಗೆ ಕೇಳಿದ್ದು ಒಂದೇ ಮಾತು: “ಇದನ್ನ ಈ ಹೊಲಕ್ಕ ಹೆಂಗ ಚೆಲ್ಲಲೆ ಯವ್ವಾ? ಇದು ಈ ಹೊಲದ್ದಲ್ಲಲ್ಲ.”

ಚರಗದ ತಿರುಳು ಅದೇ ಅಲ್ಲವೆ? ಕೊಟ್ಟ ನೆಲಕ್ಕೆ ಅದು ಕೊಟ್ಟದ್ದರಲ್ಲೇ ಒಂದು ತುತ್ತನ್ನು ಮರಳಿ ಕೊಡುವುದು. ಅಂದು ರೊಟ್ಟಿ ಮತ್ತು ಕಡುಬನ್ನಷ್ಟೇ ಚೆಲ್ಲಿದರು. ಆ ರೊಟ್ಟಿಯ ಜೋಳವೂ ಪರಿಹಾರದ ಚೀಲದಿಂದ ಬಂದದ್ದು ಎಂಬುದನ್ನು ಯಾರೂ ಎತ್ತಿ ಆಡಲಿಲ್ಲ.

ಮುಂದಿನ ಸುಗ್ಗಿಯ ಹೊತ್ತಿಗೆ, 2020ರ ಫೆಬ್ರವರಿಯಲ್ಲಿ, ಆಕೆ ಬೀಜ ಹುಡುಕಿಕೊಂಡು ಹೊರಟಳು. ಇಳಕಲ್ಲಿನ ಸಮೀಪದ ತವರಿನಲ್ಲಿ ಅಣ್ಣನ ಮಕ್ಕಳು ನಕ್ಕು, “ಕುಸುಬಿ ಯಾರ ಬಿತ್ತತಾರ ಅತ್ತಿ?” ಎಂದರು. ಇನ್ನೊಂದೂರಿನಲ್ಲಿ ಸಿಕ್ಕಿತು, ಆದರೆ ಔಷಧಿ ಹಚ್ಚಿದ ಗುಲಾಬಿ ಬಣ್ಣದ ಬೀಜ. ಅದನ್ನು ಆಕೆ ಮುಟ್ಟಲಿಲ್ಲ. ಕುಷ್ಟಗಿಯ ಕಡೆಯ ಮೂರನೆಯ ಊರಿನಲ್ಲಿ ಎರಡೆಕರೆಯ ಬಡ ಹೆಣ್ಣುಮಗಳೊಬ್ಬಳು ಹೊಲಕ್ಕೆ ಬೇಲಿ ಹಾಕಿಸುವ ಹಣವಿಲ್ಲದ್ದರಿಂದ ಇನ್ನೂ ಅಂಚಿಗೆ ಕುಸುಬಿ ಹಾಕುತ್ತಿದ್ದಳು. ಅವಳು ಒಂದು ಬೊಗಸೆ ಕೊಟ್ಟಳು. ದುಡ್ಡು ಮುಟ್ಟಲಿಲ್ಲ. ಬೀಜದ ಕಡಕ್ಕೆ ಈ ಸೀಮೆಯಲ್ಲಿ ಹಳೆಯ ಕಟ್ಟಳೆಯಿದೆ: ಒಯ್ದದ್ದಕ್ಕೆ ಎರಡರಷ್ಟು ತಿರುಗಿ ಬರಬೇಕು. ಅದನ್ನೇ ಹೇಳಿ ಕಳುಹಿಸಿದಳು.

ಅಕ್ಟೋಬರಿನಲ್ಲಿ ಟ್ರ್ಯಾಕ್ಟರು ಬಂತು. ಅದನ್ನು ನಿಲ್ಲಿಸುವ ಮಾತು ಆಗಲಿಲ್ಲ. ಆಕೆ ಅರ್ಧ ಬೀಜವನ್ನು ಹಿತ್ತಲಿನಲ್ಲಿ ಊರಿದಳು. ಇಲ್ಲಿ ಅವಳ ಅನುಭವವೂ ಒಮ್ಮೆ ಕೈಕೊಟ್ಟಿತು. ಕುಸುಬಿ ಬರವನ್ನು ತಾಳುತ್ತದೆ, ನಿಂತ ನೀರನ್ನು ತಾಳುವುದಿಲ್ಲ. ಬದನೆ, ಮೆಂತ್ಯಗಳಿಗೆ ಹಿತವಾದ ಬಚ್ಚಲು ನೀರಿನ ಮಗ್ಗುಲು ಅದಕ್ಕೆ ಮೃತ್ಯುವಾಯಿತು. ಕಾಲುವೆಯ ಕಡೆಯ ಗಿಡಗಳು ಹೂವಿಗೆ ಬರುವ ಮುನ್ನವೇ ಬೇರು ಕೊಳೆತು ಬಾಡಿದವು. ಹಿತ್ತಲು ಹೊಲವಲ್ಲ ಎಂಬುದನ್ನು ಅಷ್ಟು ವರ್ಷ ಎರಡನ್ನೂ ಆಳಿದವಳು ಆ ವರ್ಷ ಕಲಿತಳು. ಗೋಡೆಯ ಕಡೆಯ ಎತ್ತರದ ಮಣ್ಣಿನಲ್ಲಿದ್ದವು ಮಾತ್ರ ನಿಂತು ಹಳದಿ ಹೂ ಬಿಟ್ಟು, ಮುಳ್ಳು ಹೊತ್ತು, ಮೊಮ್ಮಕ್ಕಳ ಕಾಲಿಗೆ ಚುಚ್ಚಿ ಬೈಸಿಕೊಂಡು, ಮಾರ್ಚಿಗೆ ಕಾಳಾದವು. ಆಯ್ದು ಕೇರಿ ನೋಡಿದರೆ ಒಂದು ಸೇರಿನಷ್ಟು. ಹುಗ್ಗಿಗೆಂದು ಒಂದು ಹಿಡಿಯನ್ನೂ ಅವಳು ಕೊಡಲಿಲ್ಲ.

2021ರ ಹಿಂಗಾರಿಯಲ್ಲಿ ಟ್ರ್ಯಾಕ್ಟರು ಕಡಲೆ ಬಿತ್ತಿ ಹೋದ ಮಾರನೆಯ ಬೆಳಿಗ್ಗೆ ಅತ್ತೆ ಸೊಸೆ ಇಬ್ಬರೂ ಹೊಲಕ್ಕೆ ಹೋದರು. ಯಂತ್ರ ತಿರುಗುವಾಗ ಬದುವಿನ ಗುಂಟ ಒಂದು ಮಾರು ಅಗಲದ ನೆಲ ಬಿತ್ತದೆಯೇ ಉಳಿಯುತ್ತದೆ. ಅದೇ ಅವರಿಗೆ ದಕ್ಕಿದ ಅಕ್ಕಡಿ. ಸಡ್ಡೆಗೆ ಅಲ್ಲಿ ಕೆಲಸವಿರಲಿಲ್ಲ; ಕುರ್ಪಿಯಿಂದ ಗೀರಿ, ಗೇಣಿಗೆ ಎರಡು ಕಾಳು ಹಾಕುತ್ತ ಹೊಲದ ಸುತ್ತ ಬಂದರು. ಆಳ ಎಷ್ಟಿರಬೇಕು, ಕಾಳಿನ ಮೇಲೆ ಮಣ್ಣನ್ನು ಎಷ್ಟು ಒತ್ತಬೇಕು ಎಂಬುದನ್ನು ಸೊಸೆ ಆ ಒಂದು ಸುತ್ತಿನಲ್ಲಿ ಕಲಿತಳು. ಸೊಂಟನೋವಿನಿಂದ ಅತ್ತೆ ಅರ್ಧಕ್ಕೇ ಕುಳಿತಳು, ಉಳಿದರ್ಧ ಸೊಸೆಯದು. 2022ರ ಜನವರಿ 2ರ ಎಳ್ಳಮವಾಸ್ಯೆಗೆ ಬದುವಿನ ಕುಸುಬಿ ಮೊಗ್ಗಿನಲ್ಲಿತ್ತು. ಒಂದು ತಿಂಗಳ ಹಿಂದೆ ಕಿತ್ತು ಒಣಗಿಸಿದ್ದ ಅದರ ಎಳೆ ಎಲೆಯ ಪಲ್ಯ ಆ ದಿನದ ಬುಟ್ಟಿಯಲ್ಲಿತ್ತು. ಚರಗದಲ್ಲಿ ಮೊದಲು ಚೆಲ್ಲಿದ್ದು ಅದನ್ನೇ.

ಆ ಮಾರ್ಚಿನಲ್ಲಿ ಕೊಯ್ದ ಕಾಳಿನಿಂದ ಮನೆಯಲ್ಲಿ ಒಂದು ಸಲ ಹುಗ್ಗಿಯಾಯಿತು. ಕುಸುಬಿಯನ್ನು ನೆನೆಯಿಟ್ಟು, ಅರೆದು, ಬಟ್ಟೆಯಲ್ಲಿ ಹಿಂಡಿದರೆ ಬೆಳ್ಳನೆಯ ಹಾಲು ಬರುತ್ತದೆ. ಸಿಪ್ಪೆ ಗಟ್ಟಿಯಾದ್ದರಿಂದ ಎರಡು ಸಲ ಅರೆಯಬೇಕು. ಕುಟ್ಟಿದ ಗೋಧಿಯನ್ನು ಬೇಯಿಸಿ, ಬೆಲ್ಲ ಕರಗಿಸಿ, ಈ ಹಾಲನ್ನು ಕೊನೆಗೆ ಸಣ್ಣ ಉರಿಯಲ್ಲಿ ಕೂಡಿಸುತ್ತಾರೆ. ಮೊಮ್ಮಕ್ಕಳಲ್ಲಿ ಕಿರಿಯವನು ಅದನ್ನು ಅಂದೇ ಮೊದಲ ಸಲ ತಿಂದದ್ದು. ಅವನಿಗೆ ಅಷ್ಟಾಗಿ ಹಿಡಿಸಲಿಲ್ಲ.

ಹುಗ್ಗಿಗೆ ಮೊದಲೇ ಎರಡು ಬೊಗಸೆ ಕಾಳನ್ನು ಬೇರೆ ಕಟ್ಟಿ ಇಟ್ಟಿದ್ದಳು. ಗಂಟು ಹಿಡಿದು ಸೊಸೆಯೊಡನೆ ಬಸ್ಸಿನಲ್ಲಿ ಕುಷ್ಟಗಿಯ ಕಡೆಯ ಆ ಊರಿಗೆ ಹೋದಾಗ ಬೀಜ ಕೊಟ್ಟವಳು ಮನೆಯಲ್ಲೇ ಇದ್ದಳು, ಹೊಲ ಅವಳ ಕೈಯಲ್ಲಿರಲಿಲ್ಲ. ಕೊರೋನಾದ ಎರಡನೆಯ ವರ್ಷ ಗಂಡನ ಔಷಧಿಯ ಸಾಲಕ್ಕೆಂದು ಎರಡೂ ಎಕರೆಯನ್ನು ಮೂರು ವರ್ಷಕ್ಕೆ ಲಾವಣಿಗೆ ಕೊಟ್ಟಿದ್ದರು. ಲಾವಣಿ ಹಿಡಿದವನು ಅಂಚಿನವರೆಗೂ ಕಡಲೆ ಬಿತ್ತಿದ್ದ. ಮನೆಯಲ್ಲಿದ್ದ ಕುಸುಬಿ ಎರಡು ಮಳೆಗಾಲ ಕಳೆದು ಹುಳು ಹಿಡಿದಿತ್ತು.

ಗಂಟನ್ನು ಬಿಚ್ಚಿ ಕಟ್ಟೆಯ ಮೇಲೆ ಇಟ್ಟರು. ಅವಳು ಕಾಳನ್ನು ಅಳೆಯಲಿಲ್ಲ. ಒಂದನ್ನು ಬಾಯಿಗೆ ಹಾಕಿಕೊಂಡು ಹಲ್ಲಿನಲ್ಲಿ ಒಡೆದು ನೋಡಿದಳು. ಒಳಗೆ ಹೋಗಿ ಬೂದಿ ತಂದು, ಕುಸುಬಿಯ ಮೇಲೆ ಉದುರಿಸಿ, ಕೈಯಾಡಿಸಿ ಒಂದು ಡಬ್ಬಿಗೆ ತುಂಬಿದಳು. ಲಾವಣಿ ಮುಗಿಯಲು ಇನ್ನೂ ಎರಡು ಹಿಂಗಾರಿ ಇದ್ದವು. ಅಷ್ಟರವರೆಗೆ ವರ್ಷಕ್ಕೊಂದು ಸಲ ಹೊಸ ಕಾಳು ತಂದು ಕೊಟ್ಟು ಹಳೆಯದನ್ನು ಒಯ್ಯುವುದು ಸೊಸೆಯ ಕೆಲಸವೆಂದು ಆ ಕಟ್ಟೆಯ ಮೇಲೆಯೇ ಮಾತಾಯಿತು.